ಹಿಗ್ಸ್ ಕಣ ಒಂಟಿಯೋ, ಜೋಡಿಯೋ?

2012ನೆಯ ಇಸವಿ ಜುಲೈ 4ರಂದು ಜಿನೀವಾ ನಗರದ ಬಳಿಯಿರುವ ಸರ್ನ್ ಪ್ರಯೋಗಾಲಯವು ಹೊಸ ಕಣವೊಂದು ಸಿಕ್ಕಿದೆ ಎಂದು ಪ್ರಕಟಿಸಿತು. 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಢಿಕ್ಕಿ ಹೊಡೆಸಿ, ಆಗ ಸಿಡಿದ ಚೂರುಗಳ ನಡುವೆ ಹುಡುಕಿ ತೆಗೆದ ಕಣ ಅದು. ಅದರ ದ್ರವ್ಯರಾಶಿ ಪ್ರೋಟಾನಿನ ಸುಮಾರು 133 ಪಟ್ಟು. 1964ರಲ್ಲಿ ಕಾಗದದ ಮೇಲೆ ಹುಟ್ಟಿ 48 ವರ್ಷ ಕಾಯಿಸಿದ ಹಿಗ್ಸ್ ಬೋಸಾನ್ ಇದೇ ಎಂಬುದು ಬೇಗನೆ ಖಚಿತವಾಯಿತು. ಮರುವರ್ಷ ಪೀಟರ್ ಹಿಗ್ಸ್ ಮತ್ತು ಫ್ರಾನ್ಸ್ವಾ ಎಂಗ್ಲರ್ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಇಲ್ಲಿಗೆ ಕತೆ ಮುಗಿಯಿತು ಎಂದು ಅನೇಕರು ಭಾವಿಸಿದರು.

ಭೌತವಿಜ್ಞಾನಿಗಳ ಒಂದು ಗುಂಪು ಮಾತ್ರ ಹಾಗೆ ಭಾವಿಸಲಿಲ್ಲ. ಅವರ ಪ್ರಶ್ನೆ ಸರಳವಾದದ್ದು. ಈ ಹಿಗ್ಸ್ ಕಣ ನಿಜವಾಗಿಯೂ ಮೂಲಕಣವೇ? ಅಥವಾ ಇನ್ನೂ ಸಣ್ಣ ಕಣಗಳು ಒಂದನ್ನೊಂದು ಹಿಡಿದುಕೊಂಡು ಆದ ಸಂಯುಕ್ತ ಕಣವೇ? ಪರಮಾಣುವನ್ನು ಒಡೆಯಲಾಗದು ಎಂದರು, ಅದರೊಳಗೆ ನ್ಯೂಕ್ಲಿಯಸ್ ಇತ್ತು. ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನು, ನ್ಯೂಟ್ರಾನು. ಅವುಗಳೊಳಗೆ ಕ್ವಾರ್ಕುಗಳು. ಹಿಗ್ಸ್ ಕಣದೊಳಗೂ ಏನಾದರೂ ಇರಬಾರದೇಕೆ?

ನಮ್ಮ ಮಾತುಕತೆ ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಈ ಪ್ರಶ್ನೆಯ ಹೊರಮೈಯನ್ನಷ್ಟೇ ಮುಟ್ಟಲು ಸಾಧ್ಯ. ಪರದೆಯ ಮೇಲೆ ತೋರಿಸಲು ಇದಕ್ಕೆ ಚಿತ್ರವೂ ಇಲ್ಲ. ಆದ್ದರಿಂದ ಈ ಪುಟಗಳಲ್ಲಿ ಸ್ವಲ್ಪ ಸಾವಧಾನವಾಗಿ ಅದರ ಇತಿಹಾಸವನ್ನು ನೋಡೋಣ. ಈ ಇತಿಹಾಸದಲ್ಲಿ ಒಂದು ವಿಶೇಷವಿದೆ. ಸಂಯುಕ್ತ ಹಿಗ್ಸ್ ಎಂಬ ಕಲ್ಪನೆ ಸತ್ತಿತೆಂದು ಎರಡು ಸಲ ತೀರ್ಪು ಬಂದಿದೆ. ಎರಡು ಸಲವೂ ಆ ತೀರ್ಪು ಲೆಕ್ಕಕ್ಕಿಂತ ಹೆಚ್ಚಾಗಿ ಹೋಲಿಕೆಯ ಮೇಲೆ ನಿಂತಿತ್ತು. ಲೆಕ್ಕ ಮಾಡುವ ಸಾಧನ ಕೈಗೆ ಬಂದಮೇಲೆ ಏನಾಯಿತು ಎಂಬುದೇ ಇಲ್ಲಿಯ ವಿಷಯ.

ಅತಿವಾಹಕದಿಂದ ಬಂದ ಪಾಠ

ಕತೆ ಶುರುವಾಗುವುದು ಕಣಭೌತವಿಜ್ಞಾನದಲ್ಲಿ ಅಲ್ಲ, ಅತಿಶೀತಲ ಲೋಹಗಳಲ್ಲಿ. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಬಹಳ ತಣ್ಣಗಾಗಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಇದಕ್ಕೆ ಕಾರಣವೇನೆಂದು ದಶಕಗಳ ಕಾಲ ತಿಳಿಯಲಿಲ್ಲ.

1950ರಲ್ಲಿ ಸೋವಿಯತ್ ವಿಜ್ಞಾನಿಗಳಾದ ವಿಟಾಲಿ ಗಿಂಜ್‌ಬರ್ಗ್ ಮತ್ತು ಲೆವ್ ಲ್ಯಾಂಡೌ ಒಂದು ಸಿದ್ಧಾಂತ ಕೊಟ್ಟರು. ಲೋಹದೊಳಗೆ ಒಂದು ಕ್ಷೇತ್ರವಿದೆ, ತಣ್ಣಗಾದಾಗ ಅದು ಸೊನ್ನೆಯಲ್ಲಿ ನಿಲ್ಲದೆ ಒಂದು ಬೆಲೆಗೆ ಬಂದು ನೆಲೆಸುತ್ತದೆ ಎಂದರು. ಆ ಕ್ಷೇತ್ರ ಯಾವುದರಿಂದ ಆದದ್ದು ಎಂದು ಅವರು ಹೇಳಲಿಲ್ಲ. ಹೇಳದೆಯೇ ಲೆಕ್ಕಗಳು ಸರಿಯಾಗಿ ಬಂದವು. ಏಳು ವರ್ಷ ಕಳೆದ ಮೇಲೆ, 1957ರಲ್ಲಿ, ಅಮೆರಿಕದ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ನಿಜವಾದ ಒಳಕಾರಣವನ್ನು ತೋರಿಸಿದರು. ಲೋಹದಲ್ಲಿ ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿ ಕಟ್ಟುತ್ತವೆ. ಆ ಜೋಡಿಗಳ ಸಮೂಹವೇ ಗಿಂಜ್‌ಬರ್ಗ್–ಲ್ಯಾಂಡೌ ಕ್ಷೇತ್ರ. ಒಂದರಿಂದ ಇನ್ನೊಂದನ್ನು ಸಾಧಿಸಬಹುದೆಂದು 1959ರಲ್ಲಿ ಗೋರ್ಕೋವ್ ಗಣಿತದಿಂದಲೇ ತೋರಿಸಿಕೊಟ್ಟರು.

ಈ ಪಾಠವನ್ನು ಕಣಭೌತವಿಜ್ಞಾನಕ್ಕೆ ತಂದವರು ಷಿಕಾಗೋದಲ್ಲಿದ್ದ ಜಪಾನಿ ವಿಜ್ಞಾನಿ ಯೋಯಿಚಿರೊ ನಂಬು. 1961ರಲ್ಲಿ ಅವರು ಇಟಲಿಯ ಯೋನಾ-ಲಸಿನಿಯೊ ಜೊತೆಗೂಡಿ, ನಮ್ಮ ಸುತ್ತಣ ಶೂನ್ಯವೇ ಒಂದು ಬಗೆಯ ಅತಿವಾಹಕದಂತೆ ವರ್ತಿಸಬಹುದು ಎಂದು ತೋರಿಸಿದರು. ಅಲ್ಲಿಯೂ ಕಣಗಳು ಜೋಡಿಗಟ್ಟುತ್ತವೆ, ಸಮ್ಮಿತಿಯೊಂದು ಮುರಿಯುತ್ತದೆ, ಆ ಮುರಿತದಿಂದ ಪಯಾನ್ ಎಂಬ ಹಗುರ ಕಣ ಹುಟ್ಟುತ್ತದೆ. ಇದಕ್ಕಾಗಿ ನಂಬು ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು.

ಸಮ್ಮಿತಿ ಮುರಿದರೆ ಹಗುರ ಕಣ ಏಕೆ ಹುಟ್ಟಬೇಕು? ಮೇಜಿನ ಮೇಲೆ ಪೆನ್ಸಿಲನ್ನು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಎಲ್ಲ ದಿಕ್ಕೂ ಅದಕ್ಕೆ ಒಂದೇ. ಬಿದ್ದ ಮೇಲೆ ಮಾತ್ರ ಒಂದು ದಿಕ್ಕನ್ನು ಆರಿಸಿಕೊಂಡಿರುತ್ತದೆ. ಬಿದ್ದ ಪೆನ್ಸಿಲನ್ನು ಮತ್ತೆ ಎತ್ತಿ ನಿಲ್ಲಿಸಲು ಶ್ರಮ ಬೇಕು. ಆದರೆ ಮಲಗಿದ್ದಲ್ಲಿಯೇ ಸುತ್ತ ತಿರುಗಿಸಲು ಹೆಚ್ಚು ಶ್ರಮ ಬೇಡ. ಶ್ರಮವಿಲ್ಲದ ಆ ತಿರುಗಾಟಕ್ಕೆ ಸಮನಾದದ್ದೇ ಹಗುರ ಕಣ. ಇದನ್ನು ಗೋಲ್ಡ್‌ಸ್ಟೋನ್ ಕಣ ಎನ್ನುತ್ತಾರೆ.

1964ರಲ್ಲಿ ಹಿಗ್ಸ್, ಎಂಗ್ಲರ್ ಮತ್ತು ಅವರ ಸಂಗಡಿಗ ಬ್ರೌಟ್, ಇವರಲ್ಲದೆ ಗುರಾಲ್ನಿಕ್, ಹೇಗನ್ ಮತ್ತು ಕಿಬಲ್ ಕೊಟ್ಟ ಸಿದ್ಧಾಂತವೂ ಇದೇ ವಂಶದ್ದು. 1967ರಲ್ಲಿ ಸ್ಟೀವನ್ ವೈನ್‌ಬರ್ಗ್, 1968ರಲ್ಲಿ ಅಬ್ದುಸ್ ಸಲಾಂ ಅದನ್ನು ಬಳಸಿ ದುರ್ಬಲ ಬಲದ ಡಬ್ಲ್ಯು ಮತ್ತು ಝಡ್ ಕಣಗಳಿಗೆ ದ್ರವ್ಯರಾಶಿ ಬರುವ ಬಗೆಯನ್ನು ವಿವರಿಸಿದರು. ಆದರೆ ಅವರ ಕ್ಷೇತ್ರ ಗಿಂಜ್‌ಬರ್ಗ್–ಲ್ಯಾಂಡೌ ಕ್ಷೇತ್ರದಂಥದು. ಅದು ಯಾವುದರಿಂದ ಆದದ್ದು ಎಂಬುದನ್ನು ಅದು ಹೇಳುವುದಿಲ್ಲ. ಹಿಗ್ಸ್ ಕ್ಷೇತ್ರಕ್ಕೂ ಒಂದು 1957 ಬರಬೇಕೇ? ಇದೇ ಪ್ರಶ್ನೆ.

ವಿಲ್ಸನ್ ಎತ್ತಿದ ಆಕ್ಷೇಪ

ಈ ಪ್ರಶ್ನೆಗೆ ಹರಿತ ಬಂದದ್ದು ಕಾರ್ನೆಲ್ ವಿಶ್ವವಿದ್ಯಾನಿಲಯದ ಕೆನೆತ್ ವಿಲ್ಸನ್ ಅವರಿಂದ. ಎಲೆಕ್ಟ್ರಾನು, ಕ್ವಾರ್ಕುಗಳಂಥ ಕಣಗಳಿಗೆ ಸ್ಪಿನ್ ಎಂಬ ಗುಣವಿದೆ. ಹಿಗ್ಸ್‌ಗೆ ಅದಿಲ್ಲ. ಸ್ಪಿನ್ ಇಲ್ಲದ ಮೂಲಕಣದ ದ್ರವ್ಯರಾಶಿ ಬಹಳ ಚಂಚಲ. ಅದಕ್ಕಿಂತ ಭಾರವಾದ ಯಾವ ಕಣವಿದ್ದರೂ ಅದರ ಪ್ರಭಾವದಿಂದ ಅದು ಮೇಲಕ್ಕೆ ಎಳೆಯಲ್ಪಡುತ್ತದೆ. ಅದು ಹಗುರವಾಗಿ ಉಳಿಯಬೇಕಾದರೆ ಬೃಹತ್ ಸಂಖ್ಯೆಗಳು ಒಂದನ್ನೊಂದು ಕರಾರುವಾಕ್ಕಾಗಿ ಹೊಡೆದುಹಾಕಬೇಕು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕೋಟಿಗಟ್ಟಲೆ ಜಮಾ, ಕೋಟಿಗಟ್ಟಲೆ ಖರ್ಚು ಬರೆದು ಪ್ರತಿವರ್ಷವೂ ಕೊನೆಗೆ ಒಂದೇ ಪೈಸೆ ಉಳಿಯುತ್ತದೆ ಎಂದರೆ ಲೆಕ್ಕ ತಪಾಸಣೆಗಾರ ಹುಬ್ಬೇರಿಸುವುದಿಲ್ಲವೇ? ವಿಲ್ಸನ್ ಅವರ ಆಕ್ಷೇಪ ಇಂಥದೇ.

ಪ್ರೋಟಾನಿಗೆ ಈ ತೊಂದರೆಯಿಲ್ಲ. ಅದರೊಳಗಿನ ಕ್ವಾರ್ಕುಗಳ ದ್ರವ್ಯರಾಶಿಯನ್ನೆಲ್ಲ ಕೂಡಿಸಿದರೂ ಪ್ರೋಟಾನಿನ ನೂರರಲ್ಲೊಂದು ಪಾಲಿನಷ್ಟೇ ಆಗುತ್ತದೆ. ಉಳಿದದ್ದೆಲ್ಲ ಕ್ವಾರ್ಕುಗಳನ್ನು ಬಂಧಿಸಿರುವ ಪ್ರಬಲ ಬಲದ ಶಕ್ತಿ. ಆ ಬಲ ಹತ್ತಿರದಲ್ಲಿ ಸಡಿಲ, ದೂರ ಹೋದಂತೆ ಬಿಗಿ ಎಂದು 1973ರಲ್ಲಿ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಸರ್ ತೋರಿಸಿದರು. ಬಿಗಿಯಾಗುವ ಅಂತರ ಯಾವುದೋ ಅದೇ ಪ್ರೋಟಾನಿನ ಅಳತೆಯನ್ನು ನಿರ್ಧರಿಸುತ್ತದೆ. ಇಲ್ಲಿ ಯಾರೂ ಜಮಾ-ಖರ್ಚು ಸರಿತೂಗಿಸಬೇಕಾಗಿಲ್ಲ.

ಹಾಗಾದರೆ ಹಿಗ್ಸ್ ಕ್ಷೇತ್ರವನ್ನೂ ಹೀಗೆಯೇ ಕಟ್ಟಬಾರದೇ? 1976ರಲ್ಲಿ ವೈನ್‌ಬರ್ಗ್, 1979ರಲ್ಲಿ ಲೆನಾರ್ಡ್ ಸಸ್ಕಿಂಡ್ ಈ ದಾರಿ ಹಿಡಿದರು. ಸ್ಪಿನ್ ಇಲ್ಲದ ಕಣದ ತೊಡಕನ್ನು ವಿವರಿಸಿದ್ದಕ್ಕಾಗಿ ಸಸ್ಕಿಂಡ್ ತಮ್ಮ ಲೇಖನದಲ್ಲಿ ವಿಲ್ಸನ್‌ಗೆ ಕೃತಜ್ಞತೆ ಹೇಳಿದ್ದಾರೆ. ಕ್ವಾರ್ಕುಗಳ ಬಲಕ್ಕೆ ‘ಬಣ್ಣ’ದ ಬಲವೆಂದು ಹೆಸರಿತ್ತು, ಅದರ ಮಾದರಿಯ ಹೊಸ ಬಲಕ್ಕೆ ‘ಟೆಕ್ನಿಕಲರ್’ ಎಂಬ ಹೆಸರು ಬಿತ್ತು. ಹಳೆಯ ಸಿನಿಮಾ ನೋಡಿದವರಿಗೆ ಈ ಹೆಸರು ಪರಿಚಿತ. ಹೊಸ ಕಣಗಳು ಜೋಡಿಗಟ್ಟುತ್ತವೆ, ಆ ಜೋಡಿಗಳ ಸಮೂಹವೇ ಹಿಗ್ಸ್ ಕ್ಷೇತ್ರದ ಕೆಲಸ ಮಾಡುತ್ತದೆ. ಬಣ್ಣದ ಬಲದ ಅಳತೆಯನ್ನು ಸುಮಾರು 2,600 ಪಟ್ಟು ಹಿಗ್ಗಿಸಿದರೆ ಡಬ್ಲ್ಯು ಮತ್ತು ಝಡ್ ಕಣಗಳಿಗೆ ಬೇಕಾದ ದ್ರವ್ಯರಾಶಿ ದೊರೆಯುತ್ತಿತ್ತು.

ಮೊದಲನೆಯ ಮರಣಶಾಸನ

ಟೆಕ್ನಿಕಲರ್ ಬೇಗನೆ ತೊಂದರೆಗೆ ಸಿಕ್ಕಿತು. ಡಬ್ಲ್ಯು, ಝಡ್ ಕಣಗಳಿಗೆ ದ್ರವ್ಯರಾಶಿ ಕೊಟ್ಟರೆ ಸಾಲದು, ಕ್ವಾರ್ಕು ಮತ್ತು ಎಲೆಕ್ಟ್ರಾನುಗಳಿಗೂ ಕೊಡಬೇಕು. ಅದಕ್ಕಾಗಿ ಇನ್ನೊಂದು ಬಲವನ್ನು ಸೇರಿಸಿದರೆ, ಪ್ರಯೋಗದಲ್ಲಿ ಅತಿ ವಿರಳವಾಗಿರುವ ಕೆಲವು ಕಣ ಪರಿವರ್ತನೆಗಳು ಸಿದ್ಧಾಂತದಲ್ಲಿ ಧಾರಾಳವಾಗಿ ನಡೆಯಬೇಕಾಗುತ್ತಿತ್ತು. ಇದರಿಂದ ಪಾರಾಗಲು 1980ರ ದಶಕದಲ್ಲಿ ಹೋಲ್ಡಮ್, ಯಮವಾಕಿ, ಆಪಲ್‌ಕ್ವಿಸ್ಟ್ ಮೊದಲಾದವರು ಒಂದು ಉಪಾಯ ಸೂಚಿಸಿದರು. ಬಣ್ಣದ ಬಲ ಅಂತರ ಬದಲಾದಂತೆ ಬೇಗಬೇಗ ಬದಲಾಗುತ್ತದೆ, ಅಂದರೆ ಓಡುತ್ತದೆ. ಹೊಸ ಬಲ ಓಡದೆ ನಿಧಾನವಾಗಿ ನಡೆದರೆ? ಹಾಗಾದಲ್ಲಿ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದರೆ ಹಾಗೆ ‘ನಡೆಯುವ’ ಬಲ ನಿಜವಾಗಿ ಇರಬಲ್ಲುದೇ ಎಂದು ಕೈಲೆಕ್ಕದಿಂದ ಹೇಳಲು ಸಾಧ್ಯವಿರಲಿಲ್ಲ. ಬಲ ಪ್ರಬಲವಾದಾಗ ಕೈಲೆಕ್ಕದ ಎಲ್ಲ ವಿಧಾನಗಳೂ ಕೈಕೊಡುತ್ತವೆ.

1990ರಲ್ಲಿ ಪೆಸ್ಕಿನ್ ಮತ್ತು ಟಾಕೆಯುಚಿ ಇನ್ನೊಂದು ಪರೀಕ್ಷೆಯನ್ನು ಮುಂದಿಟ್ಟರು. ಸರ್ನ್‌ನ ಅಂದಿನ ಯಂತ್ರ ಲೆಪ್ 1989ರಿಂದ ಝಡ್ ಕಣದ ಗುಣಗಳನ್ನು ಬಹಳ ನಿಖರವಾಗಿ ಅಳೆಯುತ್ತಿತ್ತು. ಗುಪ್ತವಾದ ಹೊಸ ಬಲವಿದ್ದರೆ ಆ ಅಳತೆಗಳಲ್ಲಿ ಸಣ್ಣ ವ್ಯತ್ಯಾಸ ಕಾಣಬೇಕು. ಆ ವ್ಯತ್ಯಾಸವನ್ನು ‘ಎಸ್’ ಎಂಬ ಒಂದು ಸಂಖ್ಯೆಯಲ್ಲಿ ಹಿಡಿದಿಡಬಹುದು. ಬಣ್ಣದ ಬಲವನ್ನು ಹಿಗ್ಗಿಸಿ ಅಂದಾಜು ಮಾಡಿದರೆ ಎಸ್ ದೊಡ್ಡದಾಗಿ ಬಂತು. ಪ್ರಯೋಗ ಅಷ್ಟನ್ನು ಒಪ್ಪಲಿಲ್ಲ. ಟೆಕ್ನಿಕಲರ್ ಸತ್ತಿತು ಎಂದು ಅನೇಕರು ಬರೆದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ‘ಬಣ್ಣದ ಬಲವನ್ನು ಹಿಗ್ಗಿಸಿ’ ಎಂಬುದು ಲೆಕ್ಕವಲ್ಲ, ಹೋಲಿಕೆ. ನಮಗೆ ಗೊತ್ತಿರುವ ಪ್ರಬಲ ಬಲ ಒಂದೇ ಒಂದು. ಬೇರೆ ಪ್ರಬಲ ಬಲಗಳೆಲ್ಲ ಅದರ ಅಚ್ಚಿನಲ್ಲೇ ಇರುತ್ತವೆ ಎನ್ನಲು ಆಧಾರವೇನು? ಅಣ್ಣನನ್ನು ನೋಡಿ ತಮ್ಮನ ಸ್ವಭಾವವನ್ನು ನಿರ್ಧರಿಸಿದ ಹಾಗೆ.

ಚುಕ್ಕಿ ರಂಗೋಲಿಯ ಭೌತವಿಜ್ಞಾನ

ಪ್ರಬಲ ಬಲದ ಲೆಕ್ಕ ಮಾಡುವ ದಾರಿಯನ್ನು ತೋರಿಸಿದವರೂ ವಿಲ್ಸನ್ನರೇ. 1974ರ ಪ್ರಸಿದ್ಧ ಲೇಖನದಲ್ಲಿ ಅವರು ಆಕಾಶ ಮತ್ತು ಕಾಲವನ್ನು ಒಡೆಯದ ಬಟ್ಟೆಯೆಂದು ಎಣಿಸದೆ ಚುಕ್ಕಿಗಳ ಜಾಲಕವಾಗಿ ಬರೆದುಕೊಂಡರು. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿ ನೆನಪಿಗೆ ಬಂದರೆ ಅದು ಸರಿಯಾದ ಚಿತ್ರವೇ. ಕ್ವಾರ್ಕುಗಳು ಕೂರುವುದು ಚುಕ್ಕಿಗಳ ಮೇಲೆ. ಬಲ ವಾಸಿಸುವುದು ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆಗಳ ಮೇಲೆ. ನಾಲ್ಕು ಗೆರೆ ಕೂಡಿ ಆದ ಸಣ್ಣ ಚೌಕವೊಂದನ್ನು ಸುತ್ತಿಬಂದರೆ ಆ ಜಾಗದಲ್ಲಿ ಬಲ ಎಷ್ಟಿದೆಯೆಂದು ತಿಳಿಯುತ್ತದೆ. ವ್ಯತ್ಯಾಸವೆಂದರೆ, ಈ ರಂಗೋಲಿ ನಾಲ್ಕು ಆಯಾಮಗಳದ್ದು; ಕಾಲವೂ ಅದರಲ್ಲಿ ಒಂದು ಸಾಲು.

ಇಂಥ ಜಾಲಕದ ಮೇಲೆ ಗೆರೆಗಳನ್ನು ಎಳೆಯುವ ಬಗೆಗಳು ಎಣಿಸಲಾರದಷ್ಟು. ಎಲ್ಲವನ್ನೂ ಕೂಡಿಸಲು ಯಾವ ಗಣಕಯಂತ್ರಕ್ಕೂ ಆಗದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ ನಮೂನೆಗಳನ್ನು ಆರಿಸಬೇಕು. ಆದರೆ ಇಲ್ಲಿ ಒಂದು ಅಗುಳು ಸಾಲದು, ಪಾತ್ರೆಯ ಬೇರೆಬೇರೆ ಕಡೆಯಿಂದ ನೂರಾರು, ಸಾವಿರಾರು ಬೇಕು. ದಾಳ ಉರುಳಿಸಿದಂತೆ ನಮೂನೆ ತೆಗೆಯುವ ಈ ಕ್ರಮಕ್ಕೆ ಮಾಂಟೆ ಕಾರ್ಲೊ ವಿಧಾನ ಎಂದು ಹೆಸರು. 1980ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಮೈಕೆಲ್ ಕ್ರೂಟ್ಸ್ ಹತ್ತು ಸಾವಿರ ಚುಕ್ಕಿಗಳವರೆಗಿನ ಜಾಲಕದ ಮೇಲೆ ಇದನ್ನು ಮಾಡಿ ತೋರಿಸಿದರು. ಇತ್ತೀಚಿನ ಜಾಲಕಗಳಲ್ಲಿ 64 x 64 x 64 x 128 ಅಳತೆಯವೂ ಇವೆ. ಅಂದರೆ ಸುಮಾರು 3 ಕೋಟಿ 35 ಲಕ್ಷ ಚುಕ್ಕಿಗಳು.

ನಿಸರ್ಗದಲ್ಲಿ ಚುಕ್ಕಿಗಳಿಲ್ಲವಲ್ಲ ಎಂದು ನೀವು ಕೇಳಬಹುದು. ಟೆಲಿವಿಷನ್ ಪರದೆಯನ್ನು ಹತ್ತಿರ ಹೋಗಿ ನೋಡಿ, ಬರೀ ಚುಕ್ಕಿಗಳು. ಚುಕ್ಕಿಗಳು ಸಣ್ಣದಾದಷ್ಟೂ ಮುಖ ಸ್ಪಷ್ಟವಾಗುತ್ತದೆ. ಜಾಲಕದಲ್ಲಿಯೂ ಚುಕ್ಕಿಗಳ ಅಂತರವನ್ನು ಕಡಿಮೆ ಮಾಡುತ್ತ ಹೋಗಿ, ಅಂತರವೇ ಇಲ್ಲದಿದ್ದರೆ ಉತ್ತರ ಏನಾಗುತ್ತಿತ್ತು ಎಂದು ಕಂಡುಹಿಡಿಯುತ್ತಾರೆ. ಈ ವಿಧಾನ ನಂಬಲರ್ಹವೇ ಎಂಬುದಕ್ಕೆ 2008ರಲ್ಲಿ ದೊಡ್ಡ ಸಾಕ್ಷಿ ಸಿಕ್ಕಿತು. ಬುಡಾಪೆಸ್ಟ್, ಮಾರ್ಸೇ, ವೂಪರ್ಟಾಲ್ ನಗರಗಳ ವಿಜ್ಞಾನಿಗಳ ತಂಡವೊಂದು ಪ್ರೋಟಾನು ಮತ್ತು ಅದರ ಬಂಧುಬಳಗದ ದ್ರವ್ಯರಾಶಿಗಳನ್ನು ಜಾಲಕದಿಂದಲೇ ಲೆಕ್ಕ ಹಾಕಿತು. ಅವು ಪ್ರಯೋಗದ ಅಳತೆಗಳಿಗೆ ಶೇಕಡಾ ಕೆಲವೇ ಅಂಶಗಳ ಒಳಗೆ ಹೊಂದಿಕೊಂಡವು. ನಮ್ಮ ದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳಲ್ಲಿಯೂ ಬಣ್ಣದ ಬಲದ ಜಾಲಕ ಲೆಕ್ಕಗಳು ನಡೆದಿವೆ.

ಆದರೂ ಒಂದು ತೊಡಕು ಬಹುಕಾಲ ಉಳಿದಿತ್ತು. ದುರ್ಬಲ ಬಲ ಎಡಗೈ ಕಣಗಳನ್ನು, ಬಲಗೈ ಕಣಗಳನ್ನು ಬೇರೆಬೇರೆಯಾಗಿ ಕಾಣುತ್ತದೆ. ಚುಕ್ಕಿಗಳ ಮೇಲೆ ಎಡಗೈ ಕಣವನ್ನು ಕೂರಿಸಿದರೆ ಅದರ ಬಲಗೈ ಜೊತೆಗಾರನೂ ಕರೆಯದೆ ಬಂದುಬಿಡುತ್ತಾನೆ ಎಂದು 1981ರಲ್ಲಿ ನೀಲ್ಸನ್ ಮತ್ತು ನಿನೋಮಿಯ ಸಾಧಿಸಿ ತೋರಿಸಿದರು. 1992ರಲ್ಲಿ ಡೇವಿಡ್ ಕಪ್ಲಾನ್ ಒಂದು ದಾರಿ ಕಂಡರು. ಜಾಲಕಕ್ಕೆ ಐದನೆಯ ಆಯಾಮವೊಂದನ್ನು ಸೇರಿಸಿ, ನಮ್ಮ ಜಗತ್ತನ್ನು ಅದರೊಳಗಿನ ಒಂದು ಗೋಡೆಯಾಗಿಸಿದರೆ, ಎಡಗೈಯವರು ಒಂದು ಗೋಡೆಗೂ ಬಲಗೈಯವರು ಎದುರು ಗೋಡೆಗೂ ಅಂಟಿಕೊಳ್ಳುತ್ತಾರೆ. ಇದರಿಂದ ಬಣ್ಣದ ಬಲದಂಥ ಬಲಗಳ ಲೆಕ್ಕಕ್ಕೆ ಬಹಳ ಅನುಕೂಲವಾಯಿತು.

ಇದೇ ಕಪ್ಲಾನ್ 1984ರಲ್ಲಿ ಹೊವರ್ಡ್ ಜಾರ್ಜಿಯವರೊಡನೆ ಸಂಯುಕ್ತ ಹಿಗ್ಸ್‌ನ ಎರಡನೆಯ ಮಾರ್ಗವನ್ನು ಸೂಚಿಸಿದ್ದರು. ಅವರ ಪ್ರಕಾರ ಹಿಗ್ಸ್ ಕಣ ಹೊಸ ಬಲದ ಪಯಾನ್, ಅಂದರೆ ಬಿದ್ದ ಪೆನ್ಸಿಲಿನ ತಿರುಗಾಟದಂಥದು. ಬಣ್ಣದ ಬಲದಲ್ಲಿ ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ ಆದರೆ ಪಯಾನಿನದು 140 ಮಾತ್ರ. ಹೊಸ ಬಲದಲ್ಲಿಯೂ ಉಳಿದ ಕಣಗಳೆಲ್ಲ ಬಹಳ ಭಾರವಾಗಿದ್ದು ಹಿಗ್ಸ್ ಒಂದೇ ಹಗುರವಾಗಿರಲು ಸಾಧ್ಯ. 1991ರಲ್ಲಿ ಕಪ್ಲಾನ್ ಇನ್ನೊಂದು ಮಾತು ಸೇರಿಸಿದರು: ನಮಗೆ ಗೊತ್ತಿರುವ ಕ್ವಾರ್ಕುಗಳು ಹೊಸ ಬಲದ ಭಾರದ ಸಂಯುಕ್ತ ಕಣಗಳೊಡನೆ ಸ್ವಲ್ಪ ಬೆರೆತಿದ್ದರೆ ಅವುಗಳಿಗೂ ಅದರಿಂದಲೇ ದ್ರವ್ಯರಾಶಿ ಬರುತ್ತದೆ. ಹೀಗೆ ಪ್ರಶ್ನೆಯೂ ಸಾಧನವೂ ಒಂದೇ ಕೈಗಳಿಂದ ಬಂದವು, ವಿಲ್ಸನ್ ವಿಷಯದಲ್ಲಿ ಒಮ್ಮೆ, ಕಪ್ಲಾನ್ ವಿಷಯದಲ್ಲಿ ಇನ್ನೊಮ್ಮೆ. ಆದರೂ ಎರಡೂ ದೊಡ್ಡ ಪ್ರಮಾಣದಲ್ಲಿ ಭೇಟಿಯಾಗಲು 2007ರವರೆಗೆ ಕಾಯಬೇಕಾಯಿತು. ಬಣ್ಣದ ಬಲವನ್ನು ಸರಿಯಾಗಿ ಲೆಕ್ಕ ಹಾಕುವಷ್ಟು ಗಣಕಯಂತ್ರಗಳು ಬಲಿತ ಮೇಲೆಯೇ, ಕಂಡರಿಯದ ಬಲಗಳ ಕಡೆಗೆ ಅವನ್ನು ತಿರುಗಿಸಲು ಧೈರ್ಯ ಬಂದದ್ದು.

ಲೆಕ್ಕ ಹೇಳಿದ್ದೇನು?

ಮೊದಲ ಪ್ರಶ್ನೆ, ‘ನಡೆಯುವ’ ಬಲ ಇದೆಯೇ ಎಂಬುದು. ಬಣ್ಣದ ಬಲಕ್ಕೆ ಒಳಗಾದ ಹಗುರ ಕ್ವಾರ್ಕುಗಳ ಬಗೆಗಳು ಎರಡೋ ಮೂರೋ ಇದ್ದರೆ ಬಲ ದೂರದಲ್ಲಿ ಬಿಗಿಯಾಗಿ ಅವನ್ನು ಬಂಧಿಸುತ್ತದೆ. ಬಗೆಗಳನ್ನು ಹೆಚ್ಚಿಸುತ್ತ ಹೋಗಿ 16 ಮಾಡಿದರೆ ಬಂಧನವೇ ಇರುವುದಿಲ್ಲ. ಬಲ ಒಂದು ಬೆಲೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ನಡುವೆ ಎಲ್ಲೋ ಗಡಿಯಿದೆ. ಆ ಗಡಿಯ ಬಳಿಯಲ್ಲಿ ಬಲ ನಿಧಾನವಾಗಿ ನಡೆಯಬೇಕು. ಆಪಲ್‌ಕ್ವಿಸ್ಟ್, ಫ್ಲೆಮಿಂಗ್ ಮತ್ತು ನೀಲ್ 2007–08ರಲ್ಲಿ ಜಾಲಕದ ಮೇಲೆ ಇದನ್ನು ಹುಡುಕಿದರು. 8 ಬಗೆಗಳಿದ್ದರೆ ಬಂಧನದ ಕಡೆ, 12 ಇದ್ದರೆ ನಿಂತುಬಿಡುವ ಕಡೆ ಎಂದು ಅವರಿಗೆ ಕಂಡಿತು. ಹನ್ನೆರಡರ ಬಗ್ಗೆ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಒಂದು ತಂಡದ ಉತ್ತರವನ್ನು ಇನ್ನೊಂದು ಒಪ್ಪಲಿಲ್ಲ. 2023ರ ಒಂದು ಅಧ್ಯಯನವಂತೂ 10 ಬಗೆಗಳಲ್ಲಿಯೂ ಬಲ ನಿಂತುಬಿಡುತ್ತದೆ ಎಂಬ ಫಲಿತಾಂಶ ಕೊಟ್ಟಿದೆ.

ಎರಡನೆಯದು ಎಸ್ ಸಂಖ್ಯೆ. 2011ರಲ್ಲಿ ಅಮೆರಿಕದ ಲ್ಯಾಟಿಸ್ ಸ್ಟ್ರಾಂಗ್ ಡೈನಾಮಿಕ್ಸ್ ತಂಡ 2 ಮತ್ತು 6 ಬಗೆಗಳನ್ನು ಹೋಲಿಸಿ ನೋಡಿತು. ಬಗೆಗಳು ಎರಡರಿಂದ ಆರಕ್ಕೆ ಏರಿದಾಗ, ದುರ್ಬಲ ಬಲಕ್ಕೆ ಒಳಗಾದ ಒಂದೊಂದು ಕಣಜೋಡಿಯ ಲೆಕ್ಕಕ್ಕೆ ಬರುವ ಎಸ್ ಕಡಿಮೆಯಾಯಿತು. ಅಂದರೆ ತಮ್ಮ ಅಣ್ಣನ ಅಚ್ಚಿನಲ್ಲಿರಲಿಲ್ಲ. 1990ರ ಅಂದಾಜಿನ ಆಧಾರದ ಮೇಲೆ ಬರೆದ ಮರಣಶಾಸನ ಎಲ್ಲ ಪ್ರಬಲ ಬಲಗಳಿಗೂ ಅನ್ವಯಿಸುವುದಿಲ್ಲ ಎಂದು ಇದರಿಂದ ತಿಳಿಯಿತು.

ಅಷ್ಟರಲ್ಲಿ 2012 ಬಂತು. ಹಿಗ್ಸ್ ಸಿಕ್ಕಿತು, ಅದೂ 125 ಜಿಇವಿಯಷ್ಟು ಹಗುರವಾಗಿ. ಟೆಕ್ನಿಕಲರ್‌ನಲ್ಲಿ ಇಂಥ ಕಣ ಇದ್ದರೂ ಅದು ಇದಕ್ಕಿಂತ ಬಹಳ ಭಾರವಾಗಿರಬೇಕು ಎಂಬುದು ಬಣ್ಣದ ಬಲದ ಹೋಲಿಕೆಯಿಂದ ಬಂದ ನಿರೀಕ್ಷೆ. ಎರಡನೆಯ ಸಲ ಮರಣಶಾಸನ ಬರೆಯಲಾಯಿತು. ಆದರೆ 2014ರಲ್ಲಿ ಜಪಾನಿನ ನಗೋಯಾದ ಲ್ಯಾಟ್‌ಕೆಎಂಐ ತಂಡ 8 ಬಗೆಗಳ ಲೆಕ್ಕದಲ್ಲಿ ಸ್ಪಿನ್ ಇಲ್ಲದ ಒಂದು ಸಂಯುಕ್ತ ಕಣ ಪಯಾನಿನಷ್ಟೇ ಹಗುರವಾಗಿರುವುದನ್ನು ಕಂಡಿತು. 2016ರಲ್ಲಿ ಅಮೆರಿಕದ ತಂಡವೂ ಅದನ್ನೇ ಕಂಡಿತು. ಹೋಲಿಕೆ ಮತ್ತೊಮ್ಮೆ ಲೆಕ್ಕದೆದುರು ಸೋತಿತು.

ಹಾಗೆಂದು ಸಂಯುಕ್ತ ಹಿಗ್ಸ್ ಸಿದ್ಧವಾಯಿತು ಎನ್ನುವಂತಿಲ್ಲ. ಜಾಲಕದ ಲೆಕ್ಕಗಳಲ್ಲಿ ಕಣಗಳನ್ನು ನಿಜಕ್ಕಿಂತ ಭಾರವಾಗಿಟ್ಟು, ಅಲ್ಲಿಂದ ಹಗುರದ ಕಡೆಗೆ ಊಹಿಸಿ ಹೋಗಬೇಕಾಗುತ್ತದೆ. ಆ ಕೊನೆಯ ದೂರ ಇನ್ನೂ ಪೂರ್ತಿ ಕ್ರಮಿಸಿಲ್ಲ. ಜಾಲಕ ಹೇಳುವುದು ಕಣಗಳ ದ್ರವ್ಯರಾಶಿಗಳ ನಡುವಿನ ಅನುಪಾತವನ್ನು ಮಾತ್ರ. ಅಳತೆಗೋಲನ್ನು ಪ್ರಯೋಗವೇ ಕೊಡಬೇಕು.

ಜಾಲಕ ಬದುಕಿಸುವುದಷ್ಟೇ ಅಲ್ಲ, ಕೈಬಿಡುವುದೂ ಉಂಟು. ಕಪ್ಲಾನ್–ಜಾರ್ಜಿ ಮಾರ್ಗದಲ್ಲಿ ನಿರ್ದಿಷ್ಟವಾದ ಸಿದ್ಧಾಂತಗಳನ್ನು ಆಯ್ದು ಹಲವು ತಂಡಗಳು ಲೆಕ್ಕ ಮಾಡುತ್ತಿವೆ. ವೇಲ್ಸ್‌ನ ಸ್ವಾನ್ಸೀ, ಕೊರಿಯಾದ ಪುಸಾನ್ ಮತ್ತು ತೈವಾನಿನ ವಿಜ್ಞಾನಿಗಳು ಕೂಡಿ ಒಂದು ಬಗೆಯ ಬಲವನ್ನು 2017ರಿಂದ ಪರಿಶೀಲಿಸುತ್ತಿದ್ದಾರೆ. ಅದರಲ್ಲಿ ಐದು ಗೋಲ್ಡ್‌ಸ್ಟೋನ್ ಕಣಗಳಿವೆ. ಮೂರು ಡಬ್ಲ್ಯು, ಝಡ್ ಕಣಗಳಲ್ಲಿ ಲೀನವಾಗುತ್ತವೆ, ಒಂದು ಹಿಗ್ಸ್ ಆಗುತ್ತದೆ, ಇನ್ನೊಂದು ಹೊಸದು. ಅಮೆರಿಕದ ಕೊಲೊರಾಡೊ ಮತ್ತು ಇಸ್ರೇಲಿನ ಟೆಲ್ ಅವೀವ್‌ನ ವಿಜ್ಞಾನಿಗಳು ಇನ್ನೊಂದು ಸಿದ್ಧಾಂತವನ್ನು ಹಿಡಿದರು. ಎಲ್ಲಕ್ಕಿಂತ ಭಾರವಾದ ಟಾಪ್ ಕ್ವಾರ್ಕಿಗೆ 173 ಜಿಇವಿ ದ್ರವ್ಯರಾಶಿ ಕಪ್ಲಾನ್ ಹೇಳಿದ ಬೆರಕೆಯಿಂದ ಬರುತ್ತದೆಯೇ ಎಂದು 2019ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ನೋಡಿದರು. ಬೆರಕೆ ತೀರ ಸಣ್ಣದಾಗಿ ಬಂತು. ಆ ಸಿದ್ಧಾಂತದಲ್ಲಿ ಟಾಪ್ ಕ್ವಾರ್ಕಿಗೆ ತಕ್ಕ ದ್ರವ್ಯರಾಶಿ ಸಿಗುವುದು ಕಷ್ಟ ಎಂದು ಅವರು ನೇರವಾಗಿ ಬರೆದರು. ತಾವೇ ಆಯ್ದುಕೊಂಡ ಸಿದ್ಧಾಂತಕ್ಕೆ ವಿರುದ್ಧವಾದ ಫಲಿತಾಂಶ ಅದು. ಇದೂ ತೀರ್ಪೇ, ಆದರೆ ಲೆಕ್ಕದ ಮೇಲೆ ನಿಂತ ತೀರ್ಪು.

ಕೊನೆಯ ಮಾತು ಪ್ರಯೋಗದ್ದು

ಈ ಕತೆಯಲ್ಲಿ ವಿಲ್ಸನ್ ಅವರ ಇನ್ನೊಂದು ಪ್ರವೇಶವಿದೆ. 2004ರಲ್ಲಿ ಫರ್ಮಿಲ್ಯಾಬ್‌ನಲ್ಲಿ ನಡೆದ ಜಾಲಕ ಸಮ್ಮೇಳನದಲ್ಲಿ ಅವರು ಹಳೆಯ ದಿನಗಳನ್ನು ನೆನೆಯುತ್ತ ತಮ್ಮ ತಪ್ಪುಗಳ ಪಟ್ಟಿ ಕೊಟ್ಟರು. ಸ್ಪಿನ್ ಇಲ್ಲದ ಮೂಲಕಣ ಇರುವುದು ಅಸಂಭವ ಎಂದು ತಾವು ಹಿಂದೆ ಹೇಳಿದ್ದೂ ಆ ಪಟ್ಟಿಯಲ್ಲಿತ್ತು. ನಿಸರ್ಗದಲ್ಲಿ ಆಶ್ಚರ್ಯಕರವಾಗಿ ಸಣ್ಣದಾದ, ದೊಡ್ಡದಾದ ಸಂಖ್ಯೆಗಳು ಬೇರೆ ಕಡೆಯೂ ಇವೆ, ಅವನ್ನು ಕಂಡು ಅಸಂಭವ ಎಂದುಬಿಡಲಾಗದು ಎಂಬುದು ಅವರ ಅಭಿಪ್ರಾಯವಾಗಿತ್ತು. ಟೆಕ್ನಿಕಲರ್‌ಗೆ ಪ್ರೇರಣೆಯಾದ ಆಕ್ಷೇಪವನ್ನು ಅದನ್ನು ಎತ್ತಿದವರೇ ಹಿಂತೆಗೆದುಕೊಂಡರು. ಹಿಗ್ಸ್ ಸಿಕ್ಕಿದ ಮರುವರ್ಷ, 2013ರಲ್ಲಿ ವಿಲ್ಸನ್ ತೀರಿಕೊಂಡರು. ಅವರ ಜಾಲಕ ಮಾತ್ರ ಆ ಆಕ್ಷೇಪವನ್ನು ಅವಲಂಬಿಸಿಲ್ಲ. ಹಿಗ್ಸ್ ಸಂಯುಕ್ತವಾಗಿರಲೇಬೇಕು ಎಂದು ಅದು ಹೇಳುವುದಿಲ್ಲ. ಸಂಯುಕ್ತವಾಗಿದ್ದರೆ ಹೇಗಿರುತ್ತದೆ ಎಂದಷ್ಟೇ ಹೇಳುತ್ತದೆ.

ಇಂದಿನ ಸ್ಥಿತಿಯನ್ನು ಹೀಗೆ ಹೇಳಬಹುದು. ಹಿಗ್ಸ್ ಕಣ ಡಬ್ಲ್ಯು ಮತ್ತು ಝಡ್ ಕಣಗಳೊಡನೆ ವರ್ತಿಸುವ ರೀತಿ, ಅದು ಮೂಲಕಣವಾಗಿದ್ದರೆ ಹೇಗಿರಬೇಕೋ ಹಾಗೆಯೇ ಇದೆ. ವ್ಯತ್ಯಾಸವಿದ್ದರೆ ಅದು ಸುಮಾರು ಹತ್ತರಲ್ಲೊಂದು ಪಾಲಿನೊಳಗೆ. ಸಂಯುಕ್ತ ಹಿಗ್ಸ್‌ನ ಅನೇಕ ಮಾದರಿಗಳು ನಿರೀಕ್ಷಿಸುವ ವ್ಯತ್ಯಾಸ ಶೇಕಡಾ ಕೆಲವು ಅಂಶಗಳಷ್ಟು. ಅಷ್ಟು ಸೂಕ್ಷ್ಮವಾದ ಅಳತೆ ಇನ್ನೂ ಆಗಿಲ್ಲ. ಹೊಸ ಬಲದ ಭಾರದ ಕಣಗಳು ಯಾವುವೂ ಸರ್ನ್‌ನಲ್ಲಿ ಕಂಡಿಲ್ಲ. 2030ರ ಸುಮಾರಿಗೆ ಸರ್ನ್ ಯಂತ್ರ ಹೆಚ್ಚು ಢಿಕ್ಕಿಗಳೊಂದಿಗೆ ಹೊಸ ಹಂತ ಪ್ರವೇಶಿಸುವ ಯೋಜನೆಯಿದೆ. 2017ರಿಂದ ಭಾರತವೂ ಸರ್ನ್‌ನ ಸಹಸದಸ್ಯ ರಾಷ್ಟ್ರ. ಹಿಗ್ಸ್ ಕಣದ ಹೆಸರಿನ ಅರ್ಧಭಾಗ, ‘ಬೋಸಾನ್’, ನಮ್ಮ ಸತ್ಯೇಂದ್ರನಾಥ ಬೋಸರ ಹೆಸರಿನಿಂದ ಬಂದದ್ದು ಎಂಬುದನ್ನು ವೀಕ್ಷಕರಿಗೆ ಬೇರೆ ಹೇಳಬೇಕಾಗಿಲ್ಲ.

ಗಿಂಜ್‌ಬರ್ಗ್–ಲ್ಯಾಂಡೌ ಸಿದ್ಧಾಂತ ಏಳು ವರ್ಷ ಒಂಟಿಯಾಗಿ ನಿಂತಿತ್ತು. ಅದು ತಪ್ಪಾಗಿರಲಿಲ್ಲ, ಒಳಗಿನ ಜೋಡಿಗಳು ಕಾಣಿಸಿದ ಮೇಲೂ ಇಂದಿಗೂ ಅದನ್ನು ಬಳಸುತ್ತಾರೆ. ಹಿಗ್ಸ್ ಸಿದ್ಧಾಂತ ಆರು ದಶಕಗಳಿಂದ ಹಾಗೆ ನಿಂತಿದೆ. ಅದರೊಳಗೆ ಜೋಡಿಗಳಿದ್ದರೆ ಒಂದು ದಿನ ಯಂತ್ರದ ಅಳತೆಯಲ್ಲಿ ಸಣ್ಣ ವ್ಯತ್ಯಾಸ ತಲೆದೋರುತ್ತದೆ. ಆ ವ್ಯತ್ಯಾಸ ಯಾವ ಬಲದ್ದೆಂದು ಗುರುತಿಸಲು ಆಗ ಬೇಕಾಗುವ ಪಟ್ಟಿಯನ್ನು ಜಾಲಕದ ಲೆಕ್ಕಗಾರರು ಈಗಿನಿಂದಲೇ ಬರೆದಿಡುತ್ತಿದ್ದಾರೆ. ಜೋಡಿಗಳು ಇಲ್ಲವೆಂದಾದರೂ ಆ ಶ್ರಮ ವ್ಯರ್ಥವಲ್ಲ. ಪ್ರಬಲ ಬಲಗಳು ಎಷ್ಟು ಬಗೆಯಲ್ಲಿ ವರ್ತಿಸಬಲ್ಲವು ಎಂಬುದು, ಒಂದೇ ಬಲವನ್ನು ಬಲ್ಲ ನಮಗೆ ಅದರಿಂದಲೇ ತಿಳಿದದ್ದು.